ನ್ಯೂಟನ್ನನ ಮೊದಲನೆಯ ನಿಯಮ ಪ್ರತ್ಯೇಕವಾಗಿ ಏಕೆ ಬೇಕು? ಬಲ ಎಂಬುದು ನಿಯಮವೋ, ವ್ಯಾಖ್ಯೆಯೋ?

ಪ್ರಶ್ನೆ: ನನ್ನ ಊರು ಕುಮಟಾ. ಶಿರಸಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಎರಡನೆಯ ನಿಯಮದಲ್ಲಿ ಬಲವನ್ನು ಸೊನ್ನೆ ಎಂದು ಇಟ್ಟರೆ ವೇಗೋತ್ಕರ್ಷವೂ ಸೊನ್ನೆಯಾಗುತ್ತದೆ, ಆದ್ದರಿಂದ ಮೊದಲನೆಯ ನಿಯಮ ತಾನಾಗಿಯೇ ಬರುತ್ತದೆ ಎಂದು ಪಿಯುಸಿಯಿಂದಲೂ ಕೇಳುತ್ತಾ ಬಂದಿದ್ದೇನೆ. ಹಾಗಿದ್ದರೆ ನ್ಯೂಟನ್ ಅದನ್ನು ಬೇರೆಯಾಗಿ ಏಕೆ ಬರೆದ? ಬಲ ಎಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎನ್ನುವುದು ಪ್ರಕೃತಿಯ ನಿಯಮವೋ, ನಾವೇ ಮಾಡಿಕೊಂಡ ವ್ಯಾಖ್ಯೆಯೋ? ದೇವಿಮನೆ ಘಟ್ಟದ ತಿರುವುಗಳಲ್ಲಿ ನಮ್ಮನ್ನು ಹೊರಬದಿಗೆ ತಳ್ಳುವುದು ‘ಹುಸಿ ಬಲ’ ಎನ್ನುತ್ತಾರೆ. ಹುಸಿಯಾದದ್ದು ಭುಜ ನೋಯುವಷ್ಟು ಕಿಟಕಿಗೆ ಒತ್ತುವುದು ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯ ನಿಯಮವನ್ನು ಎರಡನೆಯದರ ಒಂದು ವಿಶೇಷ ಪ್ರಸಂಗವೆಂದು ಕಲಿಸುವುದರಿಂದ ಯಂತ್ರಶಾಸ್ತ್ರದ ಅಡಿಪಾಯವೇ ವಿದ್ಯಾರ್ಥಿಗಳ ಕಣ್ಣಿನಿಂದ ಮರೆಯಾಗುತ್ತದೆ. ಸಮೀಕರಣದಲ್ಲಿ ಬಲದ ಜಾಗಕ್ಕೆ ಸೊನ್ನೆ ಹಾಕುವ ಗಣಿತದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಮೀಕರಣದಲ್ಲಿರುವ ವೇಗೋತ್ಕರ್ಷವನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕು, ಯಾವ ಗಡಿಯಾರದಿಂದ ಅಳೆಯಬೇಕು ಎಂಬುದನ್ನು ಸಮೀಕರಣ ತಾನೇ ಹೇಳುವುದಿಲ್ಲ. ಘಟ್ಟದ ಬಸ್ಸಿಗೆ ಹೋಲಿಸಿ ಅಳೆದರೆ ಒಂದು ಉತ್ತರ, ರಸ್ತೆಬದಿಯ ಮೈಲಿಗಲ್ಲಿಗೆ ಹೋಲಿಸಿ ಅಳೆದರೆ ಇನ್ನೊಂದು ಉತ್ತರ ಬರುತ್ತದೆ. ಎರಡರಲ್ಲಿ ಯಾವುದನ್ನು ಎರಡನೆಯ ನಿಯಮಕ್ಕೆ ಒಪ್ಪಿಸಬೇಕು ಎಂಬುದನ್ನು ತೀರ್ಮಾನಿಸುವುದೇ ಮೊದಲನೆಯ ನಿಯಮದ ಕೆಲಸ. ಈ ತಿಳಿವಳಿಕೆ ಸ್ಪಷ್ಟವಾಗಲು ನ್ಯೂಟನ್ನನ ನಂತರವೂ ಸುಮಾರು ಇನ್ನೂರು ವರ್ಷ ಹಿಡಿಯಿತು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಬರೋಣ.

ಎಸೆದ ಕಲ್ಲು ಕೈಬಿಟ್ಟ ಮೇಲೂ ಏಕೆ ಮುಂದೆ ಹೋಗುತ್ತದೆ ಎಂಬುದು ಪ್ರಾಚೀನರಿಗೆ ನಿಜವಾದ ಒಗಟಾಗಿತ್ತು. ಚಲನೆ ನಡೆಯುತ್ತಿರುವಷ್ಟು ಹೊತ್ತೂ ಅದನ್ನು ನಡೆಸುವ ಕಾರಣವೊಂದು ಜೊತೆಗಿರಬೇಕು ಎಂದು ಅರಿಸ್ಟಾಟಲ್ ನಂಬಿದ್ದ. ಆದ್ದರಿಂದ ಕಲ್ಲಿನ ಸುತ್ತಲಿನ ಗಾಳಿಯೇ ಅದನ್ನು ಮುಂದಕ್ಕೆ ಒಯ್ಯುತ್ತದೆ ಎಂದು ಹೇಳಬೇಕಾಯಿತು. ನಮ್ಮಲ್ಲಿ ವೈಶೇಷಿಕ ದರ್ಶನದ ಮೂಲಗ್ರಂಥವಾದ ವೈಶೇಷಿಕ ಸೂತ್ರಗಳು ಬಾಣದ ಚಲನೆಯನ್ನು ಇನ್ನೂ ಎಚ್ಚರಿಕೆಯಿಂದ ವಿಂಗಡಿಸಿದವು: ಬಾಣದ ಮೊದಲ ಚಲನೆ ನೋದನದಿಂದ (ತಳ್ಳುವಿಕೆಯಿಂದ), ಮುಂದಿನವು ಆ ಚಲನೆಯಿಂದ ಹುಟ್ಟಿ ಬಾಣದಲ್ಲಿ ಉಳಿಯುವ ಸಂಸ್ಕಾರ ಎಂಬ ಗುಣದಿಂದ, ಸಂಸ್ಕಾರ ಇಲ್ಲದಾದಾಗ ಗುರುತ್ವದಿಂದ ಬೀಳುವಿಕೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್, ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಇದಕ್ಕೆ ಹತ್ತಿರದ ಮಾತನ್ನೇ ಆಡಿದರು. ಎಸೆದವನು ವಸ್ತುವಿನೊಳಗೆ ಏನನ್ನೋ ಇಟ್ಟು ಕಳಿಸುತ್ತಾನೆ, ಅದು ವಸ್ತುವನ್ನು ಒಯ್ಯುತ್ತದೆ ಎಂಬುದು ಅವರ ವಾದ. ಇವುಗಳಲ್ಲಿ ಜಡತ್ವದ ನಿಯಮ, ಅಂದರೆ ನ್ಯೂಟನ್ನನ ಮೊದಲನೆಯ ನಿಯಮ, ಆಗಲೇ ಇತ್ತು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸಂಸ್ಕಾರವಾಗಲಿ ಬುರಿಡಾನನ ಒಳಪ್ರೇರಣೆಯಾಗಲಿ ಚಲನೆಗೆ ಕೊಟ್ಟ ಕಾರಣಗಳೇ. ಕಾರಣವನ್ನು ಗಾಳಿಯಿಂದ ತೆಗೆದು ವಸ್ತುವಿನೊಳಗೆ ಇಟ್ಟದ್ದು ದೊಡ್ಡ ಹೆಜ್ಜೆ ಹೌದು. ಆದರೆ ನೇರವಾದ, ಏಕರೂಪದ ಚಲನೆಗೆ ಕಾರಣವೇ ಬೇಡ, ಅದರಲ್ಲಿ ಆಗುವ ಬದಲಾವಣೆಗೆ ಮಾತ್ರ ಕಾರಣ ಬೇಕು ಎಂಬುದು ಬೇರೆಯೇ ಜಾತಿಯ ಮಾತು.

ಆ ಮಾತಿನ ಕಡೆಗೆ ಮನುಷ್ಯರನ್ನು ದೂಡಿದ್ದು ಭೂಮಿ ತಿರುಗುತ್ತದೆಯೇ ಎಂಬ ವಿವಾದ. ಕ್ರಿ.ಶ. 499ರಲ್ಲಿ ಆರ್ಯಭಟ, ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವ ಹಾಗೆಯೇ ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂದು ಬರೆದ. ತದಡಿಯಿಂದ ಅಘನಾಶಿನಿಗೆ ಹೊಳೆ ದಾಟಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ವರಾಹಮಿಹಿರ ಇದಕ್ಕೆ ಒಪ್ಪಲಿಲ್ಲ. ಭೂಮಿ ತಿರುಗುತ್ತಿದ್ದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ತಮ್ಮ ಗೂಡಿಗೆ ಮರಳಲಾರವು ಎಂದ. ಕ್ರಿ.ಶ. 628ರ ತನ್ನ ಗ್ರಂಥದಲ್ಲಿ ಬ್ರಹ್ಮಗುಪ್ತ, ಹಾಗಿದ್ದರೆ ಎತ್ತರದ ವಸ್ತುಗಳು ಉರುಳಿ ಬೀಳುವುದಿಲ್ಲವೇಕೆ ಎಂದು ಕೇಳಿದ. ಈ ಆಕ್ಷೇಪಗಳನ್ನು ಮೂಢತನವೆಂದು ತಳ್ಳಿಹಾಕುವುದು ಅನ್ಯಾಯ. ಲೆಕ್ಕ ಹಾಕಿ ನೋಡಿ: ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ ಉತ್ತರ, ಅಲ್ಲಿನ ನೆಲ ಭೂಮಿಯ ಆವರ್ತನೆಯಿಂದಾಗಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಚಲನೆಗೆ ಸದಾ ಕಾರಣ ಬೇಕು ಎಂಬ ನಂಬಿಕೆ ಸರಿಯಾಗಿದ್ದರೆ, ಕಡಲತೀರದ ತೆಂಗಿನ ಮರದಿಂದ ಎದ್ದ ಕಾಗೆ ಎರಡು ಸೆಕೆಂಡು ಗಾಳಿಯಲ್ಲಿ ನಿಂತರೆ ಮರ ಸುಮಾರು ಒಂದು ಕಿಲೋಮೀಟರು ದೂರ ಹೋಗಿರಬೇಕಿತ್ತು. ಕಾಗೆ ನಿರಾಳವಾಗಿ ಅದೇ ಗರಿಗೆ ಬಂದು ಕೂರುತ್ತದೆ. ಆದ್ದರಿಂದ ಒಂದೋ ಭೂಮಿ ತಿರುಗುತ್ತಿಲ್ಲ, ಇಲ್ಲವೇ ಚಲನೆಯ ಕುರಿತಾದ ನಮ್ಮ ನಂಬಿಕೆಯೇ ತಪ್ಪು. ವರಾಹಮಿಹಿರ ಮೊದಲನೆಯದನ್ನು ಆರಿಸಿಕೊಂಡ, ಗೆಲಿಲಿಯೊ ಎರಡನೆಯದನ್ನು.

1632ರಲ್ಲಿ ಪ್ರಕಟವಾದ ತನ್ನ ಸಂವಾದ ಗ್ರಂಥದಲ್ಲಿ ಗೆಲಿಲಿಯೊ, ದೊಡ್ಡ ಹಡಗೊಂದರ ಒಳಕೋಣೆಯಲ್ಲಿ ಹಾರುವ ಚಿಟ್ಟೆಗಳು, ಬೋಗುಣಿಯಲ್ಲಿ ಈಜುವ ಮೀನು, ತೂಗುಹಾಕಿದ ಸೀಸೆಯಿಂದ ತೊಟ್ಟಿಕ್ಕುವ ನೀರು ಇವನ್ನೆಲ್ಲ ನೋಡುತ್ತಾ, ಹಡಗು ನಿಂತಿದೆಯೋ ಒಂದೇ ವೇಗದಲ್ಲಿ ಸಾಗುತ್ತಿದೆಯೋ ಎಂಬುದನ್ನು ಒಳಗಿನಿಂದ ಹೇಳಲಾಗದು ಎಂದು ತೋರಿಸಿದ. ಎಂಟು ವರ್ಷಗಳ ನಂತರ, 1640ರಲ್ಲಿ, ಗಾಸೆಂಡಿ ಮಾರ್ಸೇಲ್ ಬಂದರಿನಲ್ಲಿ ವೇಗವಾಗಿ ಚಲಿಸುವ ಹಡಗಿನ ಕೂವೆಮರದ ಮೇಲಿನಿಂದ ಕಲ್ಲುಗಳನ್ನು ಬೀಳಿಸಿ, ಅವು ಹಿಂದೆ ಉಳಿಯದೆ ಕೂವೆಮರದ ಬುಡದಲ್ಲೇ ಬೀಳುತ್ತವೆ ಎಂಬುದನ್ನು ಮಾಡಿಯೇ ತೋರಿಸಿದ. ಆದರೂ ಗೆಲಿಲಿಯೊನ ಜಡತ್ವ ಭೂಮಿಯ ಮೈಯನ್ನು ಬಿಟ್ಟು ಹೋಗಿರಲಿಲ್ಲ; ಏರೂ ಇಲ್ಲದ ಇಳಿಜಾರೂ ಇಲ್ಲದ ಸಮತಲವೆಂದರೆ ಅವನಿಗೆ ಭೂಕೇಂದ್ರದಿಂದ ಸಮದೂರದಲ್ಲಿರುವ ಮೇಲ್ಮೈ. ಎಲ್ಲ ದಿಕ್ಕುಗಳಿಗೂ ಹಬ್ಬಿದ ಬಯಲಿನಲ್ಲಿ, ತಡೆಯಿಲ್ಲದ ವಸ್ತು ಸರಳರೇಖೆಯಲ್ಲಿ ಸಾಗುತ್ತದೆ ಎಂದು ನಿಯಮವಾಗಿ ಬರೆದವನು ಡೆಕಾರ್ಟ್, 1644ರಲ್ಲಿ. ನ್ಯೂಟನ್ನನ ಮೊದಲನೆಯ ನಿಯಮದ ಮಾತಿನ ರೂಪ ಬಹುಮಟ್ಟಿಗೆ ಡೆಕಾರ್ಟನಿಗೆ ಋಣಿಯಾಗಿದೆ, ಅವನು ಮನ್ನಣೆ ಕೊಟ್ಟದ್ದು ಗೆಲಿಲಿಯೊಗೆ ಆದರೂ ಕೂಡ.

ಈಗ ನ್ಯೂಟನ್ನನ 1687ರ ಗ್ರಂಥ ‘ಪ್ರಿನ್ಸಿಪಿಯಾ’ಕ್ಕೆ ಬರೋಣ. ಪ್ರತಿ ವಸ್ತುವೂ ಅದರ ಮೇಲೆ ಹೇರಿದ ಬಲಗಳು ಬದಲಾಯಿಸುವಂತೆ ಒತ್ತಾಯಿಸದ ಹೊರತು ತನ್ನ ನಿಶ್ಚಲ ಸ್ಥಿತಿಯಲ್ಲಿ ಅಥವಾ ಸರಳರೇಖೆಯ ಏಕರೂಪ ಚಲನೆಯ ಸ್ಥಿತಿಯಲ್ಲಿ ಮುಂದುವರಿಯುತ್ತದೆ ಎಂಬುದು ಮೊದಲನೆಯ ನಿಯಮ. ಇದರಲ್ಲಿ ‘ಸ್ಥಿತಿ’ ಎಂಬ ಕಲ್ಪನೆ ಗಮನಾರ್ಹ: ನಿಂತಿರುವುದೂ ಚಲಿಸುತ್ತಿರುವುದೂ ಒಂದೇ ಸಾಲಿನಲ್ಲಿ ಕೂತಿವೆ. ಎರಡನೆಯ ನಿಯಮ ಪುಸ್ತಕದಲ್ಲಿ ನಾವು ಕಲಿತ ರೂಪದಲ್ಲಿ ಇಲ್ಲ. ಚಲನೆಯಲ್ಲಿ ಆಗುವ ಬದಲಾವಣೆ ಹೇರಿದ ಬಲಕ್ಕೆ ಅನುಪಾತದಲ್ಲಿರುತ್ತದೆ ಮತ್ತು ಆ ಬಲದ ದಿಕ್ಕಿನಲ್ಲಿ ಇರುತ್ತದೆ ಎಂದಷ್ಟೇ ಅಲ್ಲಿದೆ. ಚಲನೆ ಎಂದರೆ ಅವನಿಗೆ ನಾವು ಇಂದು ಸಂವೇಗ ಎನ್ನುವುದು. ಬದಲಾವಣೆ ಎನ್ನಬೇಕಾದರೆ ಬದಲಾಗದ ಸ್ಥಿತಿ ಯಾವುದು ಎಂಬುದು ಮೊದಲೇ ಗೊತ್ತಿರಬೇಕು. ಅದನ್ನು ಹೇಳಿದ್ದು ಮೊದಲನೆಯ ನಿಯಮ. ನಿಯಮಗಳ ಕ್ರಮ ಆಕಸ್ಮಿಕವಲ್ಲ.

ಹಾಗಾದರೆ ಸರಳರೇಖೆ ಎಂದರೆ ಯಾವುದರ ಮೇಲೆ ಎಳೆದ ಸರಳರೇಖೆ? ನ್ಯೂಟನ್ನನಲ್ಲಿ ಇದಕ್ಕೆ ಉತ್ತರವಿತ್ತು: ಯಾವ ವಸ್ತುವಿನ ಹಂಗೂ ಇಲ್ಲದೆ ಸದಾ ಒಂದೇ ರೀತಿ ಅಚಲವಾಗಿರುವ ನಿರಪೇಕ್ಷ ಆಕಾಶ (ಇಲ್ಲಿ ಆಕಾಶವೆಂದರೆ ಬಾನಲ್ಲ, ವಸ್ತುಗಳಿರುವ ಅವಕಾಶ, ‘ಸ್ಪೇಸ್’), ಮತ್ತು ತಾನೇತಾನಾಗಿ ಸಮನಾಗಿ ಹರಿಯುವ ನಿರಪೇಕ್ಷ ಕಾಲ. ಇದನ್ನು ಅವನು ಬರಿಯ ತತ್ತ್ವಚಿಂತನೆಯಾಗಿ ಹೇಳಲಿಲ್ಲ, ನೀರು ತುಂಬಿದ ಬಕೆಟ್ಟಿನಿಂದ ವಾದಿಸಿದ. ಈ ಪ್ರಯೋಗವನ್ನು ನೀವು ಮನೆಯಂಗಳದಲ್ಲೇ ಮಾಡಬಹುದು, ಮಾಡಲೇಬೇಕು ಎಂದು ನನ್ನ ಒತ್ತಾಯ. ಬಾವಿಯ ಹಗ್ಗಕ್ಕೆ ಮುಕ್ಕಾಲು ಬಕೆಟ್ ನೀರು ಕಟ್ಟಿ ಜಂತಿಗೆ ತೂಗುಹಾಕಿ. ಹಗ್ಗ ಬಿಗಿಯಾಗುವವರೆಗೆ ಬಕೆಟ್ಟನ್ನು ಒಂದೇ ದಿಕ್ಕಿಗೆ ತಿರುಚಿ, ನೀರು ಶಾಂತವಾಗುವವರೆಗೆ ಹಿಡಿದುಕೊಂಡು, ಆಮೇಲೆ ಬಿಡಿ. ಬಿಟ್ಟ ಕ್ಷಣದಲ್ಲಿ ಬಕೆಟ್ಟು ತಿರುಗುತ್ತದೆ, ನೀರು ತಿರುಗುವುದಿಲ್ಲ, ನೀರಿನ ಮೇಲ್ಮೈ ಮಟ್ಟವಾಗಿದೆ. ಕ್ರಮೇಣ ನೀರೂ ಬಕೆಟ್ಟಿನ ಜೊತೆ ಸುತ್ತತೊಡಗುತ್ತದೆ, ಅಂಚಿಗೆ ಏರಿ ನಡುವೆ ತಗ್ಗಾಗುತ್ತದೆ. ಈಗ ಬಕೆಟ್ಟನ್ನು ಥಟ್ಟನೆ ಹಿಡಿದು ನಿಲ್ಲಿಸಿ: ನೀರು ಇನ್ನೂ ಸುತ್ತುತ್ತಲೇ ಇರುತ್ತದೆ, ತಗ್ಗೂ ಹಾಗೆಯೇ ಇರುತ್ತದೆ.

ಈ ಮೂರು ಹಂತಗಳನ್ನು ಹೋಲಿಸಿ ನೋಡಿ. ಮೊದಲ ಹಂತದಲ್ಲಿ ಬಕೆಟ್ಟಿಗೆ ಹೋಲಿಸಿದರೆ ನೀರಿಗೆ ಚಲನೆ ಇದೆ, ತಗ್ಗಿಲ್ಲ. ಎರಡನೆಯದರಲ್ಲಿ ಬಕೆಟ್ಟಿಗೆ ಹೋಲಿಸಿದರೆ ಚಲನೆ ಇಲ್ಲ, ತಗ್ಗಿದೆ. ಮೂರನೆಯದರಲ್ಲಿ ಎರಡೂ ಇವೆ. ಆದ್ದರಿಂದ ನೀರಿನ ತಗ್ಗಿಗೆ ಅದನ್ನು ಸುತ್ತುವರಿದ ಬಕೆಟ್ಟಿಗೆ ಹೋಲಿಸಿದ ಚಲನೆ ಕಾರಣವಾಗಲಾರದು. ನೀರು ನಿಜವಾಗಿಯೂ ತಿರುಗುತ್ತಿದೆ, ಆಕಾಶದಲ್ಲೇ ತಿರುಗುತ್ತಿದೆ ಎಂದು ನ್ಯೂಟನ್ ತೀರ್ಮಾನಿಸಿದ. ಲೈಬ್‌ನಿಟ್ಸ್ ಇದನ್ನು ಒಪ್ಪಲಿಲ್ಲ. 1715 ಮತ್ತು 1716ರಲ್ಲಿ ನ್ಯೂಟನ್ನನ ಪರವಾಗಿ ಬರೆದ ಕ್ಲಾರ್ಕ್‌ನೊಡನೆ ನಡೆದ ಪತ್ರವ್ಯವಹಾರದಲ್ಲಿ, ಆಕಾಶವೆಂದರೆ ಏಕಕಾಲದಲ್ಲಿರುವ ವಸ್ತುಗಳ ಪರಸ್ಪರ ವ್ಯವಸ್ಥೆಯೇ ಹೊರತು ವಸ್ತುಗಳನ್ನು ತೆಗೆದ ಮೇಲೂ ಉಳಿಯುವ ಪಾತ್ರೆಯಲ್ಲ ಎಂದು ಅವನು ವಾದಿಸಿದ. ಇಡೀ ವಿಶ್ವವನ್ನು ಪೂರ್ವಕ್ಕೆ ಸ್ವಲ್ಪ ಸರಿಸಿ ಇಟ್ಟಿದ್ದರೆ ಯಾವ ವ್ಯತ್ಯಾಸವೂ ಯಾರಿಗೂ ಕಾಣದು. ಕಾಣಲಾಗದ ವ್ಯತ್ಯಾಸಕ್ಕೆ ಅರ್ಥವೇನು ಎಂಬುದು ಅವನ ಪ್ರಶ್ನೆ. ಅದು ತೂಕದ ಪ್ರಶ್ನೆ. ನ್ಯೂಟನ್ನನದೇ ಐದನೆಯ ಉಪಪ್ರಮೇಯ, ಒಂದು ಆವರಣ ನಿಂತಿದ್ದರೂ ಸರಳರೇಖೆಯಲ್ಲಿ ಏಕರೂಪವಾಗಿ ಸಾಗುತ್ತಿದ್ದರೂ ಅದರೊಳಗಿನ ವಸ್ತುಗಳ ಪರಸ್ಪರ ಚಲನೆ ಒಂದೇ ಎಂದು ಹೇಳುತ್ತದೆ. ಹಾಗಿದ್ದ ಮೇಲೆ ನಿರಪೇಕ್ಷ ಆಕಾಶದಲ್ಲಿ ನಮ್ಮ ವೇಗ ಎಷ್ಟು ಎಂಬುದನ್ನು ಯಾವ ಪ್ರಯೋಗವೂ ಹೇಳಲಾರದು. ನನ್ನ ದೃಷ್ಟಿಯಲ್ಲಿ ಇಬ್ಬರೂ ಅರ್ಧರ್ಧ ಸರಿ: ವೇಗದ ವಿಷಯದಲ್ಲಿ ಲೈಬ್‌ನಿಟ್ಸ್ ಸರಿ, ಆವರ್ತನೆ ಮತ್ತು ವೇಗೋತ್ಕರ್ಷದ ವಿಷಯದಲ್ಲಿ ನ್ಯೂಟನ್ ಸರಿ. ಬಕೆಟ್ಟಿನ ನೀರಿಗೆ ಲೈಬ್‌ನಿಟ್ಸನ ಬಳಿ ತೃಪ್ತಿಕರ ಉತ್ತರ ಇರಲಿಲ್ಲ.

ಈ ಗಂಟನ್ನು ಬಿಡಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಡೆಯಿತು. 1883ರಲ್ಲಿ ಪ್ರಕಟವಾದ ಯಂತ್ರಶಾಸ್ತ್ರದ ಇತಿಹಾಸದಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಮಾಖ್, ಬಕೆಟ್ಟಿನ ಗೋಡೆ ಹಲವು ಹರದಾರಿ ದಪ್ಪವಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು ಎಂದು ನ್ಯೂಟನ್ನನ ವಾದವನ್ನು ಪ್ರಶ್ನಿಸಿದ. ನೀರು ತಿರುಗುತ್ತಿರುವುದು ದೂರದ ನಕ್ಷತ್ರಗಳಿಗೆ ಹೋಲಿಸಿದಾಗ ಎಂದಷ್ಟೇ ಹೇಳಲು ನಮಗೆ ಅಧಿಕಾರವಿದೆ ಎಂದ. ಎರಡು ವರ್ಷದ ನಂತರ, 1885ರಲ್ಲಿ, ಲುಡ್ವಿಗ್ ಲಾಂಗೆ ಎಂಬ ಜರ್ಮನ್ ವಿದ್ವಾಂಸ ಮೊದಲನೆಯ ನಿಯಮಕ್ಕೆ ನಿಖರವಾದ ಅರ್ಥ ಕೊಟ್ಟ. ಪಠ್ಯಪುಸ್ತಕಗಳಲ್ಲಿ ಅವನ ಹೆಸರು ಅಪರೂಪ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅವನಲ್ಲಿದೆ.

ಬಲಗಳ ಪ್ರಭಾವವಿಲ್ಲದ ಮೂರು ಕಣಗಳನ್ನು ಒಂದೇ ಬಿಂದುವಿನಿಂದ, ಒಂದೇ ಸಮತಲದಲ್ಲಿಲ್ಲದ ಮೂರು ದಿಕ್ಕುಗಳಿಗೆ ಎಸೆದಿದ್ದೇವೆ ಎಂದುಕೊಳ್ಳಿ. ಆ ಮೂರೂ ಸರಳರೇಖೆಯಲ್ಲೇ ಸಾಗುವಂತೆ ಕಾಣುವ ಆಧಾರ ಚೌಕಟ್ಟೊಂದನ್ನು ಯಾವಾಗಲೂ ಕಟ್ಟಿಕೊಳ್ಳಬಹುದು, ಏಕೆಂದರೆ ಚೌಕಟ್ಟನ್ನು ಹೇಗೆ ಬೇಕಾದರೂ ಸರಿಸುವ, ತಿರುಗಿಸುವ ಸ್ವಾತಂತ್ರ್ಯ ನಮಗಿದೆ. ಅಲ್ಲಿಯವರೆಗೆ ನಾವು ಮಾಡಿದ್ದು ಏರ್ಪಾಡು ಮಾತ್ರ, ಪ್ರಕೃತಿಯ ಬಗ್ಗೆ ಏನನ್ನೂ ಹೇಳಿಲ್ಲ. ಈಗ ನಾಲ್ಕನೆಯ ಕಣವೊಂದನ್ನು ಎಸೆಯಿರಿ. ಅದೂ ಅದೇ ಚೌಕಟ್ಟಿನಲ್ಲಿ ಸರಳರೇಖೆಯಲ್ಲೇ ಹೋಗಬೇಕೆಂಬ ಕಡ್ಡಾಯ ನಮ್ಮ ಏರ್ಪಾಡಿನಲ್ಲಿ ಎಲ್ಲೂ ಇಲ್ಲ. ಆದರೂ ಅದು ಹೋಗುತ್ತದೆ. ಐದನೆಯದೂ ಹೋಗುತ್ತದೆ, ನೂರನೆಯದೂ ಹೋಗುತ್ತದೆ. ಇದು ಪ್ರಕೃತಿಯ ಸತ್ಯ. ಕಾಲದ ವಿಷಯವೂ ಹೀಗೆಯೇ: ಒಂದು ಮುಕ್ತ ಕಣ ಸಮಾನ ದೂರಗಳನ್ನು ದಾಟುವ ಅವಧಿಗಳನ್ನು ಸಮಾನವೆಂದು ಕರೆದರೆ ಅದು ಗಡಿಯಾರದ ವ್ಯಾಖ್ಯೆ, ಉಳಿದ ಎಲ್ಲ ಮುಕ್ತ ಕಣಗಳೂ ಅದೇ ಗಡಿಯಾರದ ಪ್ರಕಾರ ಏಕರೂಪವಾಗಿ ಸಾಗುತ್ತವೆ ಎಂಬುದು ನಿಯಮ. ಇಂಥ ಚೌಕಟ್ಟಿಗೆ ಲಾಂಗೆ ಜಡತ್ವ ವ್ಯವಸ್ಥೆ ಎಂದು ಹೆಸರಿಟ್ಟ. ಅಂಥದೊಂದು ಸಿಕ್ಕಿದರೆ ಅದಕ್ಕೆ ಹೋಲಿಸಿ ಸರಳರೇಖೆಯಲ್ಲಿ ಏಕರೂಪವಾಗಿ ಸಾಗುವ ಎಲ್ಲ ಚೌಕಟ್ಟುಗಳೂ ಅಂಥವೇ ಆಗುತ್ತವೆ, ಅವುಗಳಲ್ಲಿ ಯಾವುದು ನಿಜವಾಗಿ ನಿಂತಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಿರಪೇಕ್ಷ ಆಕಾಶ ಮಾಡಬೇಕಿದ್ದ ಕೆಲಸವನ್ನು ಅದರ ಹೊರೆಯಿಲ್ಲದೆ ಮಾಡಿದಂತಾಯಿತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು. ಮೊದಲನೆಯ ನಿಯಮ ಜಡತ್ವ ಚೌಕಟ್ಟುಗಳು ಇವೆ ಎಂಬ ಅಸ್ತಿತ್ವದ ಹೇಳಿಕೆ. ಎರಡನೆಯದು ಅಂಥ ಚೌಕಟ್ಟಿನಲ್ಲಿ ನಿಂತು ಹೇಳಿದ ಮಾತು. ಬಲವನ್ನು ಸೊನ್ನೆ ಮಾಡಿ ಮೊದಲನೆಯದನ್ನು ಪಡೆಯುವವರು ಅದನ್ನು ಮೊದಲೇ ಒಪ್ಪಿಕೊಂಡು ಮತ್ತೆ ಹೊರತೆಗೆಯುತ್ತಿದ್ದಾರೆ. ನ್ಯೂಟನ್ ಇದನ್ನು ಲಾಂಗೆಯ ಅರ್ಥದಲ್ಲಿ ಬರೆದ ಎಂದು ನಾನು ಹೇಳುತ್ತಿಲ್ಲ. ಅವನ ಬಳಿ ನಿರಪೇಕ್ಷ ಆಕಾಶವಿತ್ತು, ಜೊತೆಗೆ ಸಾವಿರಾರು ವರ್ಷಗಳ ಹಳೆಯ ನಂಬಿಕೆಯೊಂದನ್ನು ನೇರ ಮಾತಿನಲ್ಲಿ ಅಲ್ಲಗಳೆಯುವ ಅಗತ್ಯವೂ ಇತ್ತು.

ಇನ್ನು ದೇವಿಮನೆ ಘಟ್ಟ. ತಿರುವಿನ ತ್ರಿಜ್ಯ 15 ಮೀಟರ್, ಬಸ್ಸಿನ ಜವ ಗಂಟೆಗೆ 20 ಕಿಲೋಮೀಟರ್ ಎಂದು ಇಟ್ಟುಕೊಂಡರೆ ಕೇಂದ್ರದ ಕಡೆಗಿನ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 2 ಮೀಟರ್, ಅಂದರೆ ಗುರುತ್ವದ ಐದನೆಯ ಒಂದು ಭಾಗ. ನಿಮ್ಮ ದ್ರವ್ಯರಾಶಿ 60 ಕಿಲೋಗ್ರಾಂ ಆಗಿದ್ದರೆ ನಿಮ್ಮನ್ನು ತಿರುವಿನಲ್ಲಿ ಬಸ್ಸಿನ ಜೊತೆಗೆ ಒಯ್ಯಲು ಸುಮಾರು 124 ನ್ಯೂಟನ್ ಬಲ ಬೇಕು. ಹನ್ನೆರಡು ಹದಿಮೂರು ಕಿಲೋ ತೂಕದ ಮೂಟೆಯನ್ನು ಎತ್ತಿ ಹಿಡಿಯಲು ಬೇಕಾದಷ್ಟು. ಆ ಬಲವನ್ನು ಕೊಡುವುದು ಆಸನದ ಘರ್ಷಣೆ, ಅದು ಸಾಲದಾದಾಗ ಕಿಟಕಿಯ ಚೌಕಟ್ಟು. ರಸ್ತೆಗೆ ಹೋಲಿಸಿ ನೋಡಿದರೆ ನಿಮ್ಮ ದೇಹ ಸರಳರೇಖೆಯಲ್ಲೇ ಸಾಗಲು ಹೊರಟಿತ್ತು, ಬಸ್ಸು ಒಳಕ್ಕೆ ಬಾಗಿತು, ಕಿಟಕಿ ಬಂದು ನಿಮ್ಮ ಭುಜವನ್ನು ಒಳಕ್ಕೆ ಒತ್ತಿತು. ನೋವು ಪೂರ್ತಿಯಾಗಿ ನಿಜ, ಒತ್ತುವ ಬಲವೂ ನಿಜ. ಆದರೆ ಅದು ಒಳಮುಖವಾದದ್ದು. ಹೊರಮುಖವಾದ ಬಲ ಬೇಕಾಗುವುದು, ಬಸ್ಸಿನೊಳಗೆ ನೀವು ಕದಲದೆ ಕುಳಿತಿದ್ದೀರಿ ಎಂಬ ಲೆಕ್ಕವನ್ನು ಬಸ್ಸನ್ನೇ ಆಧಾರವಾಗಿಟ್ಟುಕೊಂಡು ಸರಿದೂಗಿಸಲು. ನಿಜವಾದ ಬಲಕ್ಕೆ ಒಡೆಯನೊಬ್ಬ ಇರುತ್ತಾನೆ: ಕಿಟಕಿ ನಿಮ್ಮನ್ನು ಒತ್ತಿದರೆ ನೀವೂ ಕಿಟಕಿಯನ್ನು ಅಷ್ಟೇ ಒತ್ತುತ್ತೀರಿ. ನಿಮ್ಮನ್ನು ಹೊರಕ್ಕೆ ತಳ್ಳಿದ್ದೆನ್ನುವ ಬಲವನ್ನು ಯಾವ ವಸ್ತು ಹಾಕಿತು, ಅದಕ್ಕೆ ಪ್ರತಿಕ್ರಿಯೆ ಯಾವ ವಸ್ತುವಿನ ಮೇಲಿದೆ ಎಂದು ಕೇಳಿದರೆ ಉತ್ತರವಿಲ್ಲ.

ಹಾಗೆಂದು ಇಂಥ ಬಲಗಳನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ನಾವು ನಿಂತ ನೆಲವೂ ತಿರುಗುತ್ತಿದೆ. ಫೂಕೋ 1851ರಲ್ಲಿ ಪ್ಯಾರಿಸ್ಸಿನ ಪ್ಯಾಂಥಿಯನ್ನಿನ ಗುಮ್ಮಟದಿಂದ 67 ಮೀಟರ್ ತಂತಿಯಲ್ಲಿ 28 ಕಿಲೋಗ್ರಾಂ ಗುಂಡನ್ನು ತೂಗುಬಿಟ್ಟು ಅದರ ತೂಗುವ ಸಮತಲ ಸುಮಾರು 32 ಗಂಟೆಗಳಲ್ಲಿ ಒಂದು ಸುತ್ತು ಹಾಕುವುದನ್ನು ಜನರಿಗೆ ತೋರಿಸಿದ. ಆ ವೇಗ ಅಕ್ಷಾಂಶದ ಸೈನ್ ಬೆಲೆಯನ್ನು ಅವಲಂಬಿಸುವುದರಿಂದ ಕಾರವಾರದಲ್ಲಿ ಅಂಥ ಲೋಲಕ ಗಂಟೆಗೆ ಸುಮಾರು 3.8 ಡಿಗ್ರಿಯಷ್ಟೇ ತಿರುಗಿ, ಒಂದು ಸುತ್ತಿಗೆ ಸುಮಾರು 94 ಗಂಟೆ ತೆಗೆದುಕೊಳ್ಳುತ್ತದೆ. ಇನ್ನೂ ದೊಡ್ಡ ಸಾಕ್ಷಿ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಕರಾವಳಿಗೆ ಬಂದೇ ಬರುತ್ತದೆ. ದಕ್ಷಿಣ ಗೋಳಾರ್ಧದಿಂದ ಆಗ್ನೇಯ ಮಾರುತವಾಗಿ ಹೊರಟ ಗಾಳಿ ಭೂಮಧ್ಯರೇಖೆಯನ್ನು ದಾಟಿದ ಮೇಲೆ ತನ್ನ ಬಲಗಡೆಗೆ ಬಾಗಿ ನೈಋತ್ಯ ಮಾರುತವಾಗುತ್ತದೆ. ತಿರುಗುವ ಭೂಮಿಯನ್ನು ಆಧಾರವಾಗಿಟ್ಟು ಲೆಕ್ಕ ಮಾಡುವ ಹವಾಮಾನ ತಜ್ಞರು ಈ ಬಾಗುವಿಕೆಯನ್ನು ಕೊರಿಯಾಲಿಸ್ ಬಲದಿಂದ ವಿವರಿಸುತ್ತಾರೆ, ಅದೂ ಹುಸಿ ಬಲಗಳ ಕುಲಕ್ಕೇ ಸೇರಿದ್ದು. ಮಳೆ ಹುಸಿಯಲ್ಲ. ಹುಸಿ ಎಂಬುದು ಪರಿಣಾಮದ ಕುರಿತ ಮಾತಲ್ಲ, ಚೌಕಟ್ಟಿನ ಆಯ್ಕೆಯ ಕುರಿತ ಮಾತು.

ಎರಡನೆಯ ನಿಯಮ ವ್ಯಾಖ್ಯೆಯೋ ನಿಯಮವೋ ಎಂಬ ನಿಮ್ಮ ಪ್ರಶ್ನೆ ಇವುಗಳಲ್ಲೆಲ್ಲ ಕಠಿಣವಾದದ್ದು, ದೊಡ್ಡವರೇ ಇದರಲ್ಲಿ ಭಿನ್ನಮತ ಹೊಂದಿದ್ದಾರೆ. ಬಲ, ದ್ರವ್ಯರಾಶಿ, ವೇಗೋತ್ಕರ್ಷಗಳ ಸಂಬಂಧವನ್ನು ಮೂರು ಅಕ್ಷಗಳ ಉದ್ದಕ್ಕೂ ಸಮೀಕರಣಗಳಾಗಿ ಬರೆದು, ಅದನ್ನೇ ಇಡೀ ಯಂತ್ರಶಾಸ್ತ್ರದ ಸಾಮಾನ್ಯ ಸೂತ್ರವನ್ನಾಗಿ ಮಾಡಿದವನು ಆಯ್ಲರ್, 1750ರಲ್ಲಿ. ಆ ಸೂತ್ರದಲ್ಲಿ ಬಲವೂ ಗೊತ್ತಿಲ್ಲದೆ ದ್ರವ್ಯರಾಶಿಯೂ ಗೊತ್ತಿಲ್ಲದೆ ಹೋದರೆ ಅದು ಏನನ್ನೂ ಹೇಳಿದಂತಾಗುವುದಿಲ್ಲ ಎಂಬ ನಿಮ್ಮ ಅನುಮಾನ ಸಾಧುವೇ. ದ್ರವ್ಯರಾಶಿಯ ಗಂಟನ್ನು ಬಿಡಿಸಿದವನು ಮಾಖ್, ಮತ್ತು ಅವನು ಅದಕ್ಕೆ ಬಳಸಿದ್ದು ಮೂರನೆಯ ನಿಯಮದಲ್ಲಿ (ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ) ಅಡಗಿದ್ದ ಅನುಭವವನ್ನು. ಎರಡು ವಸ್ತುಗಳು ಪರಸ್ಪರ ಪ್ರಭಾವ ಬೀರಿದಾಗ ಅವುಗಳ ವೇಗೋತ್ಕರ್ಷಗಳು ವಿರುದ್ಧ ದಿಕ್ಕಿನಲ್ಲಿರುತ್ತವೆ, ಅವುಗಳ ಅನುಪಾತ ಬದಲಾಗುವುದಿಲ್ಲ. ನಿಂತ ನೀರಿನಲ್ಲಿರುವ ಎರಡು ಪಾತಿ ದೋಣಿಗಳ ನಡುವೆ ಹಗ್ಗ ಕಟ್ಟಿ ಒಬ್ಬರು ಎಳೆದರೆ ಎರಡೂ ಕದಲುತ್ತವೆ, ಹಗುರವಾದದ್ದು ಹೆಚ್ಚು. ನೀರಿನ ತಡೆಯನ್ನು ಬಿಟ್ಟು ನೋಡಿದರೆ, ಹಗ್ಗದಿಂದ ಎಳೆದರೂ ಕೋಲಿನಿಂದ ತಳ್ಳಿದರೂ ವೇಗೋತ್ಕರ್ಷಗಳ ಅನುಪಾತ ಒಂದೇ. ಆ ಅನುಪಾತದ ವಿಲೋಮವನ್ನೇ ದ್ರವ್ಯರಾಶಿಗಳ ಅನುಪಾತ ಎಂದು ಕರೆಯೋಣ ಎಂದ ಮಾಖ್. ಇಲ್ಲಿಯೂ ವ್ಯಾಖ್ಯೆಯ ಜೊತೆಗೆ ಒಂದು ನಿಯಮ ಸೇರಿಕೊಂಡಿದೆ: ಮೊದಲನೆಯ ವಸ್ತು ಎರಡನೆಯದರ ಎರಡು ಪಟ್ಟು, ಎರಡನೆಯದು ಮೂರನೆಯದರ ಮೂರು ಪಟ್ಟು ಎಂದು ಅಳೆದ ಮೇಲೆ, ಮೊದಲನೆಯದನ್ನೂ ಮೂರನೆಯದನ್ನೂ ನೇರವಾಗಿ ಹೋಲಿಸಿದರೆ ಆರು ಪಟ್ಟು ಬರುತ್ತದೆ. ಬರಲೇಬೇಕೆಂದು ತರ್ಕ ಹೇಳುವುದಿಲ್ಲ, ಪ್ರಕೃತಿ ಹೇಳುತ್ತದೆ.

ನ್ಯೂಟನ್ ಸ್ವತಃ ಮೂರನೆಯ ನಿಯಮವನ್ನು ನೀರಿನ ಮೇಲೆ ಪರೀಕ್ಷಿಸಿದ್ದ. ಸೂಜಿಗಲ್ಲನ್ನೂ ಕಬ್ಬಿಣವನ್ನೂ ಬೇರೆಬೇರೆ ಪಾತ್ರೆಗಳಲ್ಲಿಟ್ಟು ನಿಶ್ಚಲವಾದ ನೀರಿನಲ್ಲಿ ತೇಲಿಬಿಟ್ಟ. ಪಾತ್ರೆಗಳು ಒಂದಕ್ಕೊಂದು ತಾಗಿದ ಮೇಲೆ ಎರಡೂ ಅಲ್ಲಿಯೇ ನಿಂತವು, ಒಂದು ಇನ್ನೊಂದನ್ನು ತಳ್ಳಿಕೊಂಡು ಹೋಗಲಿಲ್ಲ. ಸೂಜಿಗಲ್ಲು ಕಬ್ಬಿಣವನ್ನು ಎಳೆಯುವಷ್ಟೇ ಬಲದಿಂದ ಕಬ್ಬಿಣವೂ ಸೂಜಿಗಲ್ಲನ್ನು ಎಳೆಯದಿದ್ದರೆ ಈ ಜೋಡಿ ತಾನಾಗಿ ಓಡತೊಡಗಬೇಕಿತ್ತು. ಎರಡು ಸ್ಟೀಲಿನ ಬಟ್ಟಲು, ಒಂದು ಅಯಸ್ಕಾಂತ, ಒಂದು ಹಿಡಿ ಮೊಳೆ ಇದ್ದರೆ ಹಂಡೆಯ ನೀರಿನಲ್ಲಿ ನೀವೂ ನೋಡಬಹುದು. ಅಯಸ್ಕಾಂತ ಹಿಡಿಯದ ಸ್ಟೀಲಿನ ಬಟ್ಟಲುಗಳನ್ನೇ ಆರಿಸಿಕೊಳ್ಳಿ.

ಬಲದ ಗಂಟು ಬಿಡಿಸುವುದು ಇನ್ನೊಂದು ಬಗೆ. ಎರಡನೆಯ ನಿಯಮ ಒಂಟಿಯಾಗಿ ಏನನ್ನೂ ಮುನ್ನುಡಿಯಲಾರದು, ಅದಕ್ಕೆ ಗುರುತ್ವದ ನಿಯಮ, ಸ್ಪ್ರಿಂಗಿನ ನಿಯಮ, ಘರ್ಷಣೆಯ ನಿಯಮ ಇಂಥವು ಬೇಕು. ಆದರೂ ಅದು ಬರಿಯ ವ್ಯಾಖ್ಯೆಯಲ್ಲ. ಶಿರಸಿಯ ಅಡಿಕೆ ಮಂಡಿಯ ಖಾತೆಪುಸ್ತಕದಲ್ಲಿ ಪ್ರತಿ ಜಮೆಗೂ ಯಾರದ್ದಾದರೂ ಹೆಸರಿನ ಖರ್ಚು ಇರಲೇಬೇಕಾದ ಹಾಗೆ, ಪ್ರತಿ ವೇಗೋತ್ಕರ್ಷವನ್ನೂ ಯಾವುದಾದರೊಂದು ವಸ್ತುವಿನ ಹೆಸರಿಗೆ ಬರೆಯಬೇಕು ಎಂಬ ಬೇಡಿಕೆ ಅದರಲ್ಲಿದೆ, ಆ ವಸ್ತುವನ್ನು ಹುಡುಕಿ ತೋರಿಸುವ ಹೊಣೆಯೂ ಇದೆ. ಯುರೇನಸ್ ಗ್ರಹ ಲೆಕ್ಕಕ್ಕೆ ಸಿಗದಂತೆ ದಾರಿ ತಪ್ಪುತ್ತಿದ್ದಾಗ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ಕಾಣದ ಗ್ರಹವೊಂದರ ಹೆಸರಿಗೆ ಆ ವ್ಯತ್ಯಾಸವನ್ನು ಬರೆದ. ಅವನು ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ, 1846ರ ಸೆಪ್ಟೆಂಬರ್ 23ರಂದು, ಬರ್ಲಿನ್ನಿನಲ್ಲಿ ಗಾಲೆ ನೆಪ್ಚೂನನ್ನು ಕಂಡ. ಅದೇ ಲೆವೆರಿಯೆ 1859ರಲ್ಲಿ ಬುಧನ ಕಕ್ಷೆಯಲ್ಲೂ ವ್ಯತ್ಯಾಸವೊಂದನ್ನು ಗುರುತಿಸಿದ, ಇಂದಿನ ಲೆಕ್ಕದಲ್ಲಿ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೆಯ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಅದಕ್ಕೂ ಸೂರ್ಯನ ಹತ್ತಿರದ ವಲ್ಕನ್ ಎಂಬ ಗ್ರಹ ಕಾರಣವೆಂದು ಹುಡುಕಿದರು, ಅಂಥ ಗ್ರಹ ಇರಲಿಲ್ಲ. ಎರಡನೆಯ ನಿಯಮ ಬರಿಯ ವ್ಯಾಖ್ಯೆಯಾಗಿದ್ದರೆ ಬುಧನ ಆ ವ್ಯತ್ಯಾಸ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಅಷ್ಟು ಬಲ ಅಲ್ಲಿದೆ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮುಗಿಸಲು ಯಾರೂ ಒಪ್ಪಲಿಲ್ಲ ಎಂಬುದೇ ಅದು ನಿಯಮವೆಂಬುದಕ್ಕೆ ನಾನು ಕೊಡುವ ಮುಖ್ಯ ಆಧಾರ. ಪ್ವಾಂಕರೆಯಂಥವರು ಇವುಗಳಲ್ಲಿ ಒಡಂಬಡಿಕೆಯ ಅಂಶವೇ ಹೆಚ್ಚು ಎಂದರು, ಹರ್ಟ್ಸ್ 1894ರಲ್ಲಿ ಬಲವನ್ನು ಮೂಲಕಲ್ಪನೆಗಳ ಪಟ್ಟಿಯಿಂದಲೇ ತೆಗೆದು ಯಂತ್ರಶಾಸ್ತ್ರವನ್ನು ಕಟ್ಟಲು ನೋಡಿದ. ನೀವು ಮುಂದೆ ಕಲಿಯುವ ಲಗ್ರಾಂಜ್, ಹ್ಯಾಮಿಲ್ಟನ್ನರ ವಿಧಾನಗಳಲ್ಲೂ ಬಲ ಹಿಂದೆ ಸರಿದು ಶಕ್ತಿ ಮುಂದೆ ಬರುತ್ತದೆ; ಆದರೆ ಅಲ್ಲಿಯೂ ಜಡತ್ವ ಚೌಕಟ್ಟು ಯಾವುದೆಂಬ ಪ್ರಶ್ನೆ ತಪ್ಪುವುದಿಲ್ಲ.

ಒಂದು ವಿಷಯವನ್ನು ಮಾತ್ರ ನ್ಯೂಟನ್ನನ ವ್ಯವಸ್ಥೆ ವಿವರಿಸದೆ ಬಿಟ್ಟಿತು. ಹುಸಿ ಬಲಗಳೆಲ್ಲ ವಸ್ತುವಿನ ದ್ರವ್ಯರಾಶಿಗೆ ಅನುಪಾತದಲ್ಲಿರುತ್ತವೆ, ಅದು ಸಹಜ, ಏಕೆಂದರೆ ಅವು ಚೌಕಟ್ಟಿನ ವೇಗೋತ್ಕರ್ಷದಿಂದ ಬಂದವು. ಆದರೆ ನಿಜವಾದ ಬಲವೆಂದು ಎಣಿಸಿದ ಗುರುತ್ವವೂ ಹಾಗೆಯೇ ಇದೆ. ನ್ಯೂಟನ್ ಹನ್ನೊಂದು ಅಡಿ ದಾರದಲ್ಲಿ ಎರಡು ಸಮಾನ ಮರದ ಪೆಟ್ಟಿಗೆಗಳನ್ನು ತೂಗುಬಿಟ್ಟು, ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ ಹೀಗೆ ಒಂಬತ್ತು ವಸ್ತುಗಳನ್ನು ಪರೀಕ್ಷಿಸಿ, ತೂಕ ಮತ್ತು ದ್ರವ್ಯರಾಶಿಗಳ ಅನುಪಾತ ಎಲ್ಲದರಲ್ಲೂ ಒಂದೇ ಎಂದು ಸಾವಿರದಲ್ಲಿ ಒಂದು ಭಾಗದ ನಿಖರತೆಯವರೆಗೆ ಕಂಡುಕೊಂಡ. ಈ ಸಮಾನತೆಯನ್ನು ಪರೀಕ್ಷಿಸಲೆಂದೇ 2016ರಲ್ಲಿ ಹಾರಿಸಿದ ‘ಮೈಕ್ರೊಸ್ಕೋಪ್’ ಎಂಬ ಉಪಗ್ರಹದ ಅಂತಿಮ ಫಲಿತಾಂಶಗಳು 2022ರಲ್ಲಿ ಬಂದಾಗ ಈ ಸಮಾನತೆ ಸುಮಾರು 10ರ ಹದಿನೈದನೆಯ ಘಾತದಲ್ಲಿ ಒಂದು ಭಾಗದವರೆಗೂ ನಿಂತಿತ್ತು. ನ್ಯೂಟನ್ನನ ಯಂತ್ರಶಾಸ್ತ್ರದಲ್ಲಿ ಇದು ಕಾರಣವಿಲ್ಲದ ಕಾಕತಾಳೀಯ. 1907ರಲ್ಲಿ ಐನ್‌ಸ್ಟೈನ್ ಇದನ್ನು ಕಾಕತಾಳೀಯವೆಂದು ಒಪ್ಪದೆ, ಮುಕ್ತವಾಗಿ ಬೀಳುತ್ತಿರುವವನಿಗೆ ತನ್ನ ತೂಕ ತಿಳಿಯುವುದಿಲ್ಲ ಎಂಬುದನ್ನೇ ಹಿಡಿದು ಹೊರಟ; 1915ರ ನವೆಂಬರಿನಲ್ಲಿ ಬುಧನ ಆ 43 ಆರ್ಕ್‌ಸೆಕೆಂಡುಗಳು ಅವನ ಹೊಸ ಸಿದ್ಧಾಂತದಿಂದ ಯಾವ ಕಾಣದ ಗ್ರಹದ ನೆರವೂ ಇಲ್ಲದೆ ಹೊರಬಂದವು. ಆ ಸಿದ್ಧಾಂತದಲ್ಲಿ ಜಡತ್ವದ ಸ್ಥಿತಿಯಲ್ಲಿರುವುದು ಮರದಿಂದ ಕಳಚಿ ಬೀಳುತ್ತಿರುವ ತೆಂಗಿನಕಾಯಿ; ನೆಲದ ಮೇಲೆ ನಿಂತ ನಮ್ಮನ್ನು ನೆಲ ಮೇಲಕ್ಕೆ ಒತ್ತುತ್ತಿದೆ, ಗುರುತ್ವ ಬಲವೇ ಹುಸಿ ಬಲಗಳ ಸಾಲಿಗೆ ಸೇರುತ್ತದೆ. ಇದನ್ನು ವಿವರವಾಗಿ ಓದುವ ಮೊದಲು ಲಾಂಗೆಯ ನಾಲ್ಕನೆಯ ಕಣದ ವಾದವನ್ನು ಕಾಗದದ ಮೇಲೆ ಸ್ವತಃ ಬರೆದು ನೋಡಿ: ಗುರುತ್ವ ಎಲ್ಲೆಡೆಯೂ ಇರುವಾಗ ‘ಮುಕ್ತ ಕಣ’ ಎಂದು ಯಾವುದನ್ನು ಕರೆಯಬೇಕು ಎಂಬ ತೊಡಕು ಅಲ್ಲಿಯೇ ನಿಮಗೆ ಎದುರಾಗುತ್ತದೆ, ಐನ್‌ಸ್ಟೈನ್ ಬಿಡಿಸಿದ್ದು ಅದನ್ನೇ.